ಪೆನ್ಸಿಲಿನಲ್ಲಿದ್ದ ಇಪ್ಪತ್ತು ಗುಂಟೆ

ಹುಣಸೇಕೊಪ್ಪಲು,
ಹಾಸನ ಜಿಲ್ಲೆ
18-7-2002, ಗುರುವಾರ

ಪ್ರೀತಿಯ ಕಾಮಾಕ್ಷಕ್ಕನಿಗೆ, ನಿನ್ನ ತಮ್ಮ ಮೋಹನ ಮಾಡುವ ನಮಸ್ಕಾರಗಳು.

ನಿನ್ನ ಕೆಮ್ಮು ಹೇಗಿದೆ? ಅರಕಲಗೂಡಿನ ಕಡೆ ಮಳೆ ಹಿಡಿದಿದೆಯೆಂದು ಬಸ್ಸಿನವರು ಹೇಳಿದರು. ಅಂಗನವಾಡಿಯಲ್ಲಿ ಒದ್ದೆ ನೆಲದ ಮೇಲೆ ಕೂತು ಪಾತ್ರೆ ತೊಳೆಯಬೇಡ, ಆ ಕಂದು ಶಾಲು ಹೊದ್ದುಕೋ. ಅವ್ವ ಚೆನ್ನಾಗಿದ್ದಾಳೆ. ದಿನಕ್ಕೆರಡು ಸಲ ಬಾವಿ ಪಕ್ಕದ ನಿನ್ನ ಜಾಗಕ್ಕೆ ಹೋಗಿ ನಿಂತು, ನೀನು ಮನೆ ಕಟ್ಟಿದರೆ ಬಾಗಿಲು ಯಾವ ಕಡೆಗೆ ಎಂದು ನನ್ನನ್ನು ಕೇಳುತ್ತಾಳೆ. ಆ ಜಾಗದ ವಿಷಯಕ್ಕೇ ಈ ಕಾಗದ.

ಪಾಯ ತೆಗೆಯುವ ಮುಂಚೆ ಹೊಸ ಪಹಣಿ ತೆಗೆಸಿಡು ಎಂದು ಬರೆದಿದ್ದೆಯಲ್ಲ, ಮೂರು ದಿನ ತಾಲ್ಲೂಕು ಕಚೇರಿಗೆ ಅಲೆದೆ. ಈಗ ಕೈಬರಹದ ಪಹಣಿ ನಡೆಯುವುದಿಲ್ಲ, ಕಂಪ್ಯೂಟರಿನದೇ ಆಗಬೇಕು. ಮೊದಲ ದಿನ ಕರೆಂಟಿರಲಿಲ್ಲ. ಎರಡನೆಯ ದಿನ ಕರೆಂಟಿತ್ತು, ಪ್ರಿಂಟರಿಗೆ ರಿಬ್ಬನ್ ಇರಲಿಲ್ಲ. ಮೂರನೆಯ ದಿನ ಎಲ್ಲ ಇತ್ತು, ನೀನಿರಲಿಲ್ಲ. ಜನರಿಗೆ ಕಾಣಲೆಂದೇ ಕಿಟಕಿಯ ಕಡೆಗೆ ತಿರುಗಿಸಿಟ್ಟ ಪರದೆಯ ಮೇಲೆ ನಮ್ಮ ಸರ್ವೆ ನಂಬರು ಬಂತು. ಮಾಲೀಕರ ಹೆಸರಿರುವ ಒಂಬತ್ತನೆಯ ಕಾಲಮ್ಮಿನಲ್ಲಿ ಅಣ್ಣ ಕೆಂಪಣ್ಣ ಮತ್ತು ನಾನು. ಅಷ್ಟೇ.

ಗಂಡನ ಮನೆ ಬಿಟ್ಟು ಬಂದ ಮಗಳಿಗೆ ಇಪ್ಪತ್ತು ಗುಂಟೆ ಎಂದು ಅಪ್ಪ ಊರವರೆದುರು ಹೇಳಿ, ಆಗ ಗ್ರಾಮಲೆಕ್ಕಿಗರಾಗಿದ್ದ ಪಂಚಾಕ್ಷರಯ್ಯನವರಿಂದ ಬರೆಸಿದ್ದು ನಿನಗೆ ನೆನಪಿದ್ದೇ ಇದೆ. ಖಾತೆ ಆಗುವವರೆಗೆ ಇರಲಿ ಎಂದು ಅವರು ಅದನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ಅವರ ಪುಸ್ತಕದಲ್ಲಿ ಅದೇ ರೂಢಿ. ಖಾತೆಯಾದ ಮೇಲೆ ಅದರ ಮೇಲೆ ಶಾಯಿ. ಅಪ್ಪ ಅಷ್ಟು ದಿನ ಉಳಿಯಲಿಲ್ಲ.

ಕಂಪ್ಯೂಟರಿನ ಮುಂದಿದ್ದ ಅನುಶ್ರೀ ಎಂಬಾಕೆ ಒಳ್ಳೆಯವಳೇ. "ಶಾಯೀಲಿ ಇರೋದ್ನ ಮಾತ್ರ ಏರಿಸಿ ಅಂತ ಆರ್ಡರಾಗಿತ್ತು ಸಾ. ಇದ್ರೊಳಗೆ ಪೆನ್ಸಿಲ್‌ಗೆ ಜಾಗ ಇಲ್ಲ" ಎಂದಳು. ನಾನು ಕೂಗಾಡಿದೆ. ಜನರ ಹಕ್ಕು, ಪಾರದರ್ಶಕ ಆಡಳಿತ ಎಂದು ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ಒದರಿದೆ. ಸಾಲಿನಲ್ಲಿ ನಿಂತಿದ್ದ ನಮ್ಮೂರ ಬೈರಯ್ಯನವರು, "ಲೇ ಮೋಹನಾ, ಭಾಷ್ಣ ಸಾಕು ಕಣ್ಲಾ, ಕರೆಂಟೋದ್ರೆ ನನ್ ಪಹಣೀನೂ ಓಯ್ತದೆ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅಣ್ಣನಿಗೆ ಹೇಳಿದರೆ ಎಲೆಗೆ ಸುಣ್ಣ ಹಚ್ಚುತ್ತಲೇ, "ಕಂಪ್ಯೂಟ್ರೇ ಇಲ್ಲ ಅಂದ್ಮೇಲೆ ನಾನೇನ್ಲಾ ಮಾಡ್ಲಿ? ಅದು ಸುಳ್ಳೇಳಲ್ಲ ಅಂತ ಊರೆಲ್ಲ ಸಾರ್ಕೊಂಡ್ ಓಡಾಡ್ದೋನು ನೀನೇ ತಾನೆ" ಎಂದ. ಅವತ್ತು ಅಪ್ಪನ ಮಾತಿಗೆ ಹೂಂ ಅಂದ ಬಾಯಿಯೇ ಅಕ್ಕಾ ಇದು! ಒಂದು ರಬ್ಬರ್ ತುಂಡಿನಿಂದ ಅಳಿಸಬಹುದಾಗಿದ್ದ ಬರಹವನ್ನು ಮೂರು ವರ್ಷ ಊರಿನಲ್ಲಿ ಯಾರೂ ಮುಟ್ಟಿರಲಿಲ್ಲ. ಯಾರೂ ಅಳಿಸಲಾರರೆಂದು ನಾನು ಮೆರೆಸಿದ ಯಂತ್ರದೊಳಕ್ಕೆ ಅದು ಹೋಗಲೇ ಇಲ್ಲ.

ತಕರಾರು ಅರ್ಜಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಪಂಚಾಕ್ಷರಯ್ಯನವರು ಬಂದು ಹೇಳಿಕೆ ಕೊಡಲು ಒಪ್ಪಿದ್ದಾರೆ. ನನ್ನ ಒಪ್ಪಿಗೆ ಬರೆದುಕೊಟ್ಟಾಯಿತು, ಅಣ್ಣನದೂ ಬೇಕಂತೆ. ಅವನು ಕೊಡುತ್ತಾನೋ ಇಲ್ಲವೋ ತಿಳಿಯದು, ನೀನು ಎದುರು ನಿಂತರೆ ಇಲ್ಲವೆನ್ನಲು ಕಷ್ಟಪಡುತ್ತಾನೆ. ಕೊನೆಯ ದಿನ ಇಪ್ಪತ್ತೊಂಬತ್ತು, ಸೋಮವಾರ. ರಜೆ ಹಾಕಿ ಬಾ, ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ.

ಅವ್ವ ಆಶೀರ್ವಾದ ತಿಳಿಸಿದ್ದಾಳೆ. ಅವಳಿಗೆ ಇದೇನೂ ಹೇಳಿಲ್ಲ, ಬಾಗಿಲು ಪೂರ್ವಕ್ಕಿರಲಿ ಅಂತಿದ್ದಾಳೆ.

ಇಂತಿ ನಿನ್ನ ತಮ್ಮ,
ಮೋಹನ್‌ಕುಮಾರ್

ತಾ.ಕ.: ಟಪಾಲಿನವರು ಚೀಲ ಕಟ್ಟುತ್ತಿದ್ದಾರೆ. ಶಾಯಿಯದ್ದನ್ನು ಮಾತ್ರ ಏರಿಸಿ ಎಂಬ ಆರ್ಡರು ಹೊರಟಿದ್ದು ನಮ್ಮೂರಿನದೇ ಒಂದು ಅರ್ಜಿಯ ಮೇಲೆ. ಅನುಶ್ರೀ ಕಡತ ತೆಗೆದು ತೋರಿಸಿದಳು. ಪೆನ್ಸಿಲ್ ಇರುವಲ್ಲಿ ಲಂಚ ಇದೆ, ಪೆನ್ಸಿಲಿನದನ್ನು ಒಂದನ್ನೂ ಪರಿಗಣಿಸಬಾರದು ಎಂದು ಅದರಲ್ಲಿ ಬರೆದವನು ನಾನು, ನಿನ್ನದೂ ಪೆನ್ಸಿಲಿನಲ್ಲೇ ಇದೆಯೆಂಬುದು ಆಗ ಹೊಳೆಯದೆ. ಆಚೆ ವರ್ಷ ದೀಪಾವಳಿಗೆ ನೀನು ಬಂದಾಗ ಒಲೆ ಮುಂದೆ ತಂದು ಹಿಡಿದೆನಲ್ಲ, ಅದೇ ಕಾಗದ. "ನೀನ್ ಬರ್ದಿದ್ದೀಯ ಅಂದ್ಮೇಲೆ ಓದೋದೇನು, ಪೆನ್ ತಾರ್ಲಾ" ಎಂದು ಮೊದಲ ಸಹಿ ಹಾಕಿದವಳು ನೀನು. ಈಗ ಕಳಿಸಿರುವುದನ್ನು ಓದಿ ಸಹಿ ಹಾಕು, ಅಕ್ಕಾ.