ಒಂಬತ್ತನೇ ಪುಟದ ‘ಸೂಕ್ತ ಕಾರಣ’

ಮಾರ್ಚ್ ೧೧, ಸಂಜೆ

ನನ್ನ ಪುಟ್ಟೀ,

ಫೋನಿನಲ್ಲೇ ಹೇಳೋಣವೆಂದು ಮೂರು ಸಲ ನಿನ್ನ ನಂಬರು ಒತ್ತಿದೆ. ರಿಂಗಾಗುವ ಮೊದಲೇ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಇವತ್ತು ನನ್ನನ್ನು ಕೆಲಸದಿಂದ ತೆಗೆದರು. ಹದಿನೇಳು ವರ್ಷ ಆ ಲಿಫ್ಟ್ ಕಂಪನಿಯಲ್ಲಿ ದುಡಿದು, ಮೂರು ವರ್ಷದಿಂದ ಅದರ ಮುಖ್ಯಸ್ಥೆಯಾಗಿದ್ದವಳು ನಾನು. ಹತ್ತೂವರೆಗೆ ಸಭೆಗೆ ಹೋದೆ, ಹತ್ತೂ ಮುಕ್ಕಾಲಿಗೆ ಬೀದಿಯಲ್ಲಿದ್ದೆ.

ಹೋದ ವಾರ ಒಂದು ಆಸ್ಪತ್ರೆಯಲ್ಲಿ ನಾವು ಕೂರಿಸಿದ್ದ ಲಿಫ್ಟು ಎರಡು ಮಹಡಿಗಳ ನಡುವೆ ಜಾರಿ ನಿಂತಿತು. ಒಳಗೆ ಸ್ಟ್ರೆಚರ್ ಮೇಲೆ ಒಬ್ಬ ಅಜ್ಜಿ. ಪುಣ್ಯಕ್ಕೆ ಏನೂ ಆಗಲಿಲ್ಲ. ಮೆಕ್ಯಾನಿಕ್ ಬ್ರೇಕಿನ ಸ್ಪ್ರಿಂಗು ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಕೂದಲೆಳೆಯಷ್ಟು ಬಿರುಕು. ಅದರ ಜೊತೆಗೇ ಬಂದ ಸ್ಪ್ರಿಂಗುಗಳು ಇನ್ನೂ ನಲವತ್ತು ಲಿಫ್ಟುಗಳಲ್ಲಿವೆ. ಎಲ್ಲವನ್ನೂ ನಿಲ್ಲಿಸಿ ಎಂದು ಆ ಕಟ್ಟಡಗಳವರಿಗೆಲ್ಲ ಬರೆದೆ. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರನ್ನು ಕೇಳಲಿಲ್ಲ. ಕೇಳಿದ್ದರೆ ತಡೆಯುತ್ತಿದ್ದರು.

ಅವರು ಇವತ್ತು ನನ್ನ ಒಪ್ಪಂದದ ಒಂಬತ್ತನೇ ಪುಟ ತೆರೆದು, “ಇದು ನಿಮ್ಮ ಸಹಿ ತಾನೇ ಮೇಡಂ?” ಎಂದರು. ಅಲ್ಲಿ ಬರೆದಿರುವಂತೆ, ವಜಾ ಮಾಡಲು ಸೂಕ್ತ ಕಾರಣವೆಂದರೆ ಮಂಡಳಿಯ ಅಭಿಪ್ರಾಯದಲ್ಲಿ ಸಂಸ್ಥೆಯ ಹೆಸರಿಗೆ ಕುಂದು ತರುವ ಯಾವುದೇ ನಡತೆ. ನೋಟಿಸಿಲ್ಲ, ಪರಿಹಾರವಿಲ್ಲ.

“ಜನ ಸಾಯ್ತಿದ್ರಲ್ಲ ಸರ್!” ಅಂದೆ.

“ಇರಬಹುದು. ಅಲ್ಲಿ ಬರೆದಿರೋದು ಮಂಡಳಿಯ ಅಭಿಪ್ರಾಯ ಅಂತ.”

ಸಹಿ ಹಾಕುವ ಮೊದಲು ನೀನು ಆ ಸಾಲಿಗೆ ಪೆನ್ಸಿಲ್ ಗೀಟು ಎಳೆದಿದ್ದೆ. “ಅಮ್ಮಾ, ಇದರೊಳಗೆ ಏನನ್ನ ಬೇಕಾದ್ರೂ ತುಂಬಬಹುದು. ಬೇಕಂತಲೇ ಮಾಡಿದ ತಪ್ಪಿಗೆ ಮಾತ್ರ ಅಂತ ಬರೆಸು. ತಿದ್ಕೊಳ್ಳೋಕೆ ಮೂವತ್ತು ದಿನ ಕೇಳು” ಅಂದಿದ್ದೆ. ವಕೀಲೆ ಮಗಳ ಮಾತಿಗೆ ನಾನು ನಕ್ಕಿದ್ದೆ. ಇವರೆಲ್ಲ ನಮ್ಮವರೇ ಕಣೇ ಅಂದಿದ್ದೆ.

ಕನ್ನಡಕ ತೆಗೆದುಕೊಳ್ಳಲೂ ಕೋಣೆಗೆ ಬಿಡಲಿಲ್ಲ. ಕಾವಲಿನವನು ತಂದುಕೊಟ್ಟ, ನನ್ನ ಮುಖ ನೋಡದೆ.

ನೇರ ಮನೆಗೆ ಬಂದೆ. ಗಾಬರಿಯಾಗಬೇಡ.

ನಿನ್ನ
ಅಮ್ಮ

ತಾ.ಕ.: ನೇರ ಮನೆಗೆ ಬಂದೆ ಅಂದದ್ದು ಸುಳ್ಳು. ಅಧ್ಯಕ್ಷರು ಸಭೆಯಲ್ಲಿ ಇನ್ನೊಂದು ಕಾಗದವನ್ನೂ ಮುಂದಿಟ್ಟಿದ್ದರು. ಸ್ಪ್ರಿಂಗಿನಲ್ಲಿ ದೋಷವಿಲ್ಲ ಎಂದು ಒಪ್ಪಿದರೆ ವಜಾ ಬದಲು ರಾಜೀನಾಮೆ ಎಂದು ಬರೆಯುತ್ತಾರಂತೆ. ಹೆದರಿಬಿಟ್ಟೆ ಪುಟ್ಟೀ, ಸಹಿ ಹಾಕಿದೆ. ಆಮೇಲೆ ಕಾಲು ತಾನಾಗಿಯೇ ಆಸ್ಪತ್ರೆಯ ಕಡೆ ನಡೆಯಿತು. ಪಕ್ಕದ ಲಿಫ್ಟಿನಲ್ಲೂ ಅದೇ ಸ್ಪ್ರಿಂಗು. ನನ್ನ ಸಹಿಯ ಕಾಗದ ಇಮೇಲಿನಲ್ಲಿ ನನಗಿಂತ ಮುಂಚೆ ತಲುಪಿತ್ತು; ಅದನ್ನು ನಂಬಿ ಆಸ್ಪತ್ರೆಯವರು ನಿಲ್ಲಿಸಿದ್ದ ಆ ಲಿಫ್ಟನ್ನು ಮತ್ತೆ ಓಡಿಸುತ್ತಿದ್ದರು. ಒಬ್ಬ ತುಂಬು ಗರ್ಭಿಣಿ ಒಳಗೆ ಹೆಜ್ಜೆ ಇಡುತ್ತಿದ್ದಳು. ಅಡ್ಡ ನಿಂತು, ನಾನು ಬರೆದುಕೊಟ್ಟದ್ದು ಸುಳ್ಳು ಎಂದು ಎಲ್ಲರೆದುರು ಕೂಗಿದೆ. ಲಿಫ್ಟು ನಿಲ್ಲಿಸಿದರು. ಉಳಿದ ಮೂವತ್ತೊಂಬತ್ತು ಲಿಫ್ಟುಗಳವರಿಗೂ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. ಇನ್ನು ವಜಾ ಎಂದೇ ಬರೆಯುತ್ತಾರೆ. ಬರೆಯಲಿ.