ಸೂಜಿ ಕಾರ್ಡಿಗೆ ಹತ್ತು ಅಂಕ

ಮಾರ್ಚ್ ೧೧, ಮಂಗಳವಾರ

ದಿಮ್ಯಾನಾಳ ಬೆರಳು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಕೈರೋದ ಕಸ ವಿಂಗಡಿಸುವ ನಮ್ಮ ಗುಡ್ಡದ ಮಕ್ಕಳಿಗೆಂದು ಈ ಕಾರ್ಡ್ ಆಟ ಮಾಡಿದವಳು, ಅವರು ‘ಅಬ್ಲಾ’ ಎಂದು ಕರೆಯುವ ಟೀಚರಾದ ನಾನೇ. ಬಾಟಲಿಗೆ ಒಂದು ಅಂಕ, ಡಬ್ಬಿಗೆ ಎರಡು. ಆಸ್ಪತ್ರೆ ಸೂಜಿಯ ಕಾರ್ಡನ್ನು ಮೊದಲು ಗುರುತಿಸಿ ಎತ್ತಿಕೊಂಡವರಿಗೆ ಹತ್ತು. ಅಪಾಯದ ವಸ್ತು ಚೆನ್ನಾಗಿ ನೆನಪಿರಲಿ ಎಂದುಕೊಂಡಿದ್ದೆ. ಇಲ್ಲಿನ ಮಕ್ಕಳಿಗೆ ಆಟ ಬೇರೆ, ಕೆಲಸ ಬೇರೆ ಅಲ್ಲ ಎಂಬುದು ಹೊಳೆಯಲೇ ಇಲ್ಲ. ನಾನೂ ಈ ರಾಶಿಗಳ ನಡುವೆಯೇ ಬೆಳೆದವಳಲ್ಲವೇ!

ಬೆಳಿಗ್ಗೆ ನನ್ನ ತರಗತಿಯ ದಿಮ್ಯಾನಾ ಮೊಸರಿನ ಡಬ್ಬಿಯ ತುಂಬ ನಿಜವಾದ ಸೂಜಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

"ಅಬ್ಲಾ, ಅಪ್ಪನ ರಾಶೀಲಿ ಹುಡುಕಿದ್ದು. ಒಂದೊಂದಕ್ಕೂ ಹತ್ತು ತಾನೆ? ಈಗ ಆ ಕಿರೊಲ್ಲೋಸ್ ಹೇಗೆ ಗೆಲ್ತಾನೋ ನೋಡ್ತೀನಿ!"

"ಚುಚ್ಚಿತೇನೇ?"

"ಒಂದ್ಸಲ ಅಷ್ಟೆ. ರಕ್ತ ಚೀಪಿಬಿಟ್ಟೆ."

ಅವಳ ತಾಯಿಯನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆ. ಚುಚ್ಚುಮದ್ದು ಕೊಟ್ಟರು. ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು, ಈಗಲೇ ಏನೂ ಹೇಳಲಾಗುವುದಿಲ್ಲ ಎಂದರು. ತಾಯಿ ಕೂಗಾಡಲಿಲ್ಲ. "ನಿನ್ನ ಹತ್ರ ಬುದ್ಧಿ ಕಲೀಲಿ ಅಂತ ಕಳಿಸಿದ್ನಲ್ಲಮ್ಮಾ" ಎಂದಳು, ಅಷ್ಟೇ.

ಸೂಜಿ ಕಾರ್ಡುಗಳನ್ನೆಲ್ಲ ಈಗಷ್ಟೇ ಹರಿದು ಹಾಕಿದೆ. ಆದರೆ ಆಟ ಆಡಿದ್ದು ದಿಮ್ಯಾನಾ ಒಬ್ಬಳೇ ಅಲ್ಲ, ಇಡೀ ತರಗತಿ. ನಾಳೆ ಬಾಗಿಲು ತೆಗೆದಾಗ ಯಾರ ಯಾರ ಕೈಯಲ್ಲಿ ಡಬ್ಬಿ ಇರುತ್ತದೋ!