ಹದಿನಾಲ್ಕನೆಯ ಧ್ವನಿ

ಅಮ್ಮಾ,

ನೀನು ತೀರಿಕೊಂಡು ವರ್ಷವಾಯಿತು. ನೀನು ಹೊಲಿಯುತ್ತಿದ್ದ ಕಾರ್ಖಾನೆಯ ಹೆಂಗಸರನ್ನು ಸಂಶೋಧನೆಯೊಂದಕ್ಕಾಗಿ ಮಾತಾಡಿಸಿ ಧ್ವನಿಮುದ್ರಿಸಿದ ಹಳೆಯ ಸಂದರ್ಶನಗಳನ್ನು ಕೇಳಿಸಿಕೊಂಡು ಬರೆದಿಡುವುದು ಈಗ ನನ್ನ ಕೆಲಸ. ಸಂಶೋಧನೆಯಲ್ಲಿ ಯಾರಿಗೂ ಹೆಸರಿಲ್ಲ, ಬರೀ ಸಂಖ್ಯೆ. ಇವತ್ತು ಹದಿನಾಲ್ಕನೆಯದನ್ನು ಹಾಕಿದೆ. ಮೊದಲ ಕೆಮ್ಮಿಗೇ ನೀನೆಂದು ಗೊತ್ತಾಯಿತು.

"ಕಷ್ಟಸುಖ ಯಾರ ಹತ್ರ ಹೇಳ್ಕೋತೀರಿ?" ಎಂದು ಸಂದರ್ಶಕಿ ಕೇಳಿದಳು.

"ಮನೇಲಿ ಮಗಳಿದಾಳಲ್ಲ. ಪುಸ್ತಕ ಹಿಡಿದ್ರೆ ಮನೆಗೆ ಬೆಂಕಿ ಬಿದ್ರೂ ಏಳೋಳಲ್ಲ ಮಹಾರಾಯ್ತಿ!" ಎಂದು ನಕ್ಕೆ.

"ಅಂದ್ರೆ ಅವಳ ಹತ್ರ ಹೇಳ್ತೀರಾ?"

ನೀನು ಸುಮ್ಮನಾದೆ.

ಪರಿಚಿತರ ಧ್ವನಿ ಬಂದರೆ ಬೇರೆಯವರಿಗೆ ಒಪ್ಪಿಸಬೇಕೆಂಬ ನಿಯಮವಿದೆ. ನಾನು ಒಪ್ಪಿಸಲಿಲ್ಲ. ಮೌನವನ್ನೂ ಅಳೆದು ಬರೆಯಬೇಕೆಂಬ ನಿಯಮವನ್ನು ಮಾತ್ರ ಪಾಲಿಸಿದೆ. ಹನ್ನೊಂದು ಸೆಕೆಂಡು. ನಾಲ್ಕು ಸಲ ಅಳೆದೆ, ಒಂದೂ ಕಡಿಮೆಯಾಗಲಿಲ್ಲ.

ಆಮೇಲೆ ನಿನ್ನ ಮಾತಿತ್ತು, ಅದನ್ನೂ ಬರೆದೆ: "ಮುಂದಿನ ಪ್ರಶ್ನೆ ಕೇಳಮ್ಮ."